ಬೋಟಿಗೆ ಸಬ್ಸಿಡಿ ಸರಿ, ಡೀಸೆಲ್ಲಿಗೆ?

ನೌಕಾನೆಲೆ ಪಕ್ಕದಲ್ಲೇ ಇದೆ ಅಂತಲೋ ಏನೋ, ಕಾರವಾರದ ನನ್ನ ಆಫೀಸಿಗೆ ಆಗಾಗ ಯಾರಾದರೂ ಬಂದು ಕೂರುತ್ತಾರೆ. "ಮಿಲಿಟರಿ ಸಾಮಾನು ಟೆಸ್ಟ್ ಮಾಡೋ ಸೆಂಟರ್ ಹಾಕಿದ್ರೆ ಕೇಂದ್ರ ಸರ್ಕಾರದವರು ಖರ್ಚಿನ 75 ಪರ್ಸೆಂಟ್ ಕೊಡ್ತಾರಂತಲ್ಲ ಸರ್, ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಿ."

75 ಸುಳ್ಳಲ್ಲ. ರಕ್ಷಣಾ ಸಚಿವಾಲಯ 2020ರ ಮೇ ತಿಂಗಳಲ್ಲಿ ತಂದ ಯೋಜನೆ ಅದು. 400 ಕೋಟಿ ರೂಪಾಯಿ, ಇಡೀ ದೇಶಕ್ಕೆ 6ರಿಂದ 8 ಟೆಸ್ಟ್ ಸೆಂಟರ್. ಹೆಚ್ಚಿನವು ಉತ್ತರ ಪ್ರದೇಶ ಮತ್ತು ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರ್‌ಗಳಿಗೆ ಅಂತಿತ್ತು, ಆದರೆ ಅಲ್ಲಿಗೇ ಸೀಮಿತ ಅಂತ ಇರಲಿಲ್ಲ. ಅವಧಿ ಐದೇ ವರ್ಷ ಇಟ್ಟಿದ್ದರು. ಹಾಗಾಗಿ ಸದ್ಯದ ಆದೇಶ ನೋಡದೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ.

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಒಬ್ಬ ಹುಡುಗ ಬಂದಿದ್ದ. ಅಪ್ಪನದು ಅಡಿಕೆ ತೋಟ, ಇವನದು ಇಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಯಾರದೋ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಬರೆದುಕೊಂಡಿದ್ದ: ಒಟ್ಟು 40 ಕೋಟಿ, ಸರ್ಕಾರದ್ದು 30, ಉಳಿದ 10ಕ್ಕೆ ಬ್ಯಾಂಕ್ ಸಾಲ. ಅಲ್ಲಿಗೆ ಪತ್ರಿಕೆ ಮುಗಿದಿತ್ತು, ಲೆಕ್ಕವೂ ಮುಗಿದಿತ್ತು.

"ತಮ್ಮಾ, ಆ 30 ನಿನ್ನ ಶೆಡ್ಡಿಗೆ ಬರೋದಲ್ಲ" ಅಂದೆ. ಖಾಸಗಿ ಕಂಪನಿಗಳು, ರಾಜ್ಯ ಸರ್ಕಾರ ಸೇರಿ ಬೇರೆಯೇ ಒಂದು ಕಂಪನಿ ಕಟ್ಟಬೇಕು. ಹಣ ಅದಕ್ಕೆ. ಉಳಿದ 25 ಪರ್ಸೆಂಟ್ ಹಾಕುವುದೂ ಅದೇ.

ಇದು ಬೇಗ ಅರ್ಥವಾಗುತ್ತದೆ. ಆಗದೇ ಇರುವುದು ಮುಂದಿನದು. ಆ ಹಣ ಸೆಂಟರ್ ಕಟ್ಟಲಿಕ್ಕೆ, ನಡೆಸಲಿಕ್ಕಲ್ಲ. ಟೆಸ್ಟ್ ಮಾಡಿಸಲು ಬಂದವರಿಂದ ಶುಲ್ಕ ತೆಗೆದುಕೊಂಡು ಅದರಲ್ಲೇ ಎಲ್ಲ ತೂಗಿಸಬೇಕು ಅಂತ ಯೋಜನೆಯಲ್ಲೇ ಇದೆ. ಬೈತಕೋಲದಲ್ಲಿ ಸಬ್ಸಿಡಿ ಬೋಟು ಇಳಿಸಿದವರನ್ನು ಕೇಳಿ. ಮೀನು ಸಿಗಲಿ ಬಿಡಲಿ, ಡೀಸೆಲ್, ಐಸು, ಬಲೆ ರಿಪೇರಿ ಕೈಯಿಂದಲೇ ಅಲ್ವಾ? ಇಲ್ಲೂ ಹಾಗೇ. ಕರೆಂಟ್ ಬಿಲ್ಲು, ಇಂಜಿನಿಯರ್ ಸಂಬಳ, ಉಪಕರಣಗಳ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಅಂತ ನೋಡಿಸುವುದು), ಮಾನ್ಯತೆಯ ಖರ್ಚು. ವರ್ಷದಲ್ಲಿ ಎಷ್ಟು ದಿನ ಗಿರಾಕಿ ಬರುತ್ತಾರೆ ಅಂತ ಬರೆಯದ ರಿಪೋರ್ಟಿಗೆ ನಾನು ಸಹಿ ಹಾಕಲ್ಲ. ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ ತಲೆ ಆಡಿಸಿ, "ಹಾಗಾದ್ರೆ 75 ಯಾವಾಗ ಬರ್ತದೆ?" ಅಂದ.

ಆಮೇಲೆ ಇನ್ನೊಂದು ಐಡಿಯಾ ತೆಗೆದ. ತುಕ್ಕಿನ ಪರೀಕ್ಷೆಗೆ ಮಶೀನೇ ಬೇಡವಂತೆ, ಕಾರವಾರದ ಗಾಳಿಯಲ್ಲಿ ಕಬ್ಬಿಣ ಇಟ್ಟರೆ ಸಾಕಂತೆ. ನನ್ನ ಕಿಟಕಿಯ ಸರಳು ನೋಡಿದರೆ ಅವನ ಮಾತಲ್ಲೂ ಹುರುಳಿದೆ, ಕೈಯಿಟ್ಟರೆ ಪುಡಿ ಉದುರುತ್ತದೆ. ಆದರೆ ಲ್ಯಾಬಿನ ಪರೀಕ್ಷೆಗೆ 35 ಡಿಗ್ರಿ ಬಿಸಿಯ ಮುಚ್ಚಿದ ಪೆಟ್ಟಿಗೆಯೊಳಗೆ 5 ಪರ್ಸೆಂಟ್ ಉಪ್ಪುನೀರಿನ ಮಂಜು ಬಿಡದೆ ಬರುತ್ತಿರಬೇಕು. ಇವತ್ತು ಬಂದ ಫಲಿತಾಂಶ ನಾಳೆಯೂ, ಬೆಂಗಳೂರಲ್ಲೂ ಹಾಗೇ ಬರಬೇಕಲ್ಲ. ಅರಬ್ಬಿ ಸಮುದ್ರ ಅಂಥ ಗ್ಯಾರಂಟಿ ಕೊಡಲ್ಲ ಮಾರಾಯಾ.

ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತನ್ನ ಟೆಸ್ಟ್ ಸೌಲಭ್ಯಗಳನ್ನು ಶುಲ್ಕಕ್ಕೆ ಹೊರಗಿನವರಿಗೂ ಕೊಡುತ್ತದೆ. ಮೊದಲು ನಿನ್ನ ಶೆಡ್ಡಲ್ಲಿ ಮಾಡಿದ ಕಬ್ಬಿಣದ ಬ್ರ್ಯಾಕೆಟ್ಟನ್ನು ಅಲ್ಲಿ ಪಾಸು ಮಾಡಿಸು ಅಂದೆ. ಹುಡುಗ ಲಗ್ನಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು ಹೋದ. ರಾತ್ರಿ ಎಂಟಕ್ಕೆ ಫೋನು: "ಸರ್, ಅಲ್ಲಿ ಶುಲ್ಕ ಎಷ್ಟಾಗ್ತದೆ? ಅದಕ್ಕೇನಾದ್ರೂ ಸಬ್ಸಿಡಿ ಉಂಟಾ?"