ಹಸು ಹಾಲು ಏರಿಸ್ಕೊಂಡ್ರೆ ಇಂಜೆಕ್ಷನ್ನೇ ಬೇಕಾ?

"ಡಾಕ್ಟ್ರೇ, ಹಸು ಹಾಲು ಏರಿಸ್ಕೊಳ್ತಿದೆ, ಕೆಚ್ಚಲಲ್ಲಿದ್ರೂ ಬಿಡ್ತಿಲ್ಲ, ಒಂದು ಇಂಜೆಕ್ಷನ್ ಬರ್ಕೊಡಿ" ಅಂತ ಫೋನ್ ಬರೋದು ಜಾಸ್ತಿಯಾಗಿದೆ. ಕೆಚ್ಚಲು ಬಾವು ಇಲ್ಲ ಅಂತ ನೋಡ್ಕೊಂಡ್ಮೇಲೆ ನಾನು ಕೇಳೋದು ಒಂದೇ, ಮನೇಲಿ ಏನು ಬದಲಾಯ್ತು? ಕರು ಸತ್ತಿರತ್ತೆ, ಇಲ್ಲ ಹಾಲು ಕರೆಯೋರು ಬದಲಾಗಿರ್ತಾರೆ, ಇಲ್ಲ ಯಾರೋ ಹೊಡೆದಿರ್ತಾರೆ.

ಕೆಚ್ಚಲು ತುಂಬಿದ್ರೂ ಹಿಂಡಿದ ತಕ್ಷಣ ಸಿಗೋ ಹಾಲು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಲ್ಲಿ ಸುಮಾರು ಐದ್ರಲ್ಲಿ ಒಂದು ಭಾಗ, ಎಮ್ಮೇಲಿ ಅದಕ್ಕಿಂತ್ಲೂ ಕಮ್ಮಿ. ಮಿಕ್ಕಿದ್ದೆಲ್ಲ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ನಿಂತಿರತ್ತೆ. ಕರು ಬಂದು ಮೂತೀಲಿ ಕೆಚ್ಚಲಿಗೆ ಗುದ್ದಿ ಗುದ್ದಿ ಚೀಪತ್ತೆ, ತಾಯಿ ಅದರ ಬಾಲದ ಬುಡ ನೆಕ್ಕತ್ತೆ, ಅಷ್ಟರಲ್ಲಿ ಮೆದುಳಿಂದ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಇಳಿದು ಆ ಚೀಲಗಳನ್ನ ಹಿಂಡತ್ತೆ, ಸುಮಾರು ಒಂದು ನಿಮಿಷಕ್ಕೆ ಮೊಲೆಗಳು ಬಿಗಿಯಾಗಿ ಹಸು ಸೊರ ಬಿಡತ್ತೆ, ಅಂದ್ರೆ ಹಾಲು ಇಳಿಸತ್ತೆ. ಹೆದರಿದ್ರೆ ಇದು ನಡೆಯಲ್ಲ, ಮೆದುಳಿಂದ ಆಕ್ಸಿಟೋಸಿನ್ ಸರಿಯಾಗಿ ಇಳಿಯೋದೇ ಇಲ್ಲ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒರಟಾಗಿ ನಡ್ಕೊಂಡಿದ್ದ ಮನುಷ್ಯ ಕರೆಯೋವಾಗ ಬರೀ ಪಕ್ಕದಲ್ಲಿ ನಿಂತಿದ್ದಕ್ಕೇ ಕೆಚ್ಚಲಲ್ಲಿ ಉಳಿದ ಹಾಲು ಶೇ. 70ರಷ್ಟು ಜಾಸ್ತಿಯಾಯ್ತು. ಹಸು ಮುಖ ಮರೆಯಲ್ಲ ಕಣ್ರೀ.

ಹಾಲು ಇರೋದು ಕರುವಿಗೆ, ಕಂಡೋರಿಗೆಲ್ಲ ಬಿಡೋ ತಾಯಿಯ ಕರು ಕಾಡಲ್ಲಿ ಬದುಕ್ತಾನೇ ಇರ್ಲಿಲ್ಲ. ಯುರೋಪಿನ ಹಸುಗಳನ್ನ ಕರು ಇಲ್ದೆ ಕರೆದು, ಹಾಗೆ ಹಾಲು ಕೊಟ್ಟವನ್ನೇ ತಲೆಮಾರುಗಟ್ಲೆ ಆರಿಸಿ ಬೆಳೆಸಿದ್ರು. ನಮ್ಮ ಹಳ್ಳಿಕಾರ್, ಅಮೃತಮಹಲ್ ಬೆಳೆದಿದ್ದು ಉಳೋಕೆ, ಗಾಡಿ ಎಳೆಯೋಕೆ, ಹಾಗಾಗಿ ಅವಕ್ಕೆ ಇವತ್ತಿಗೂ ಕರು ಪಕ್ಕದಲ್ಲೇ ಬೇಕು. ಅದು ಮೊಂಡಾಟ ಅಲ್ಲ, ದಯವಿಟ್ಟು ಕೋಲು ಎತ್ಬೇಡಿ.

ಫೋನ್ ಮಾಡಿ ಕೇಳೋ ಇಂಜೆಕ್ಷನ್ನೂ ಇದೇ ಆಕ್ಸಿಟೋಸಿನ್. ದಿನಾ ಚುಚ್ಚಿದ್ರೆ ಹಸು ಅದಕ್ಕೇ ಒಗ್ಗಿಹೋಗತ್ತೆ, ಆಮೇಲೆ ಸೂಜಿ ಇಲ್ದೆ ಬಿಡೋದೇ ಇಲ್ಲ. ಹೆರಿಗೆ ಕಷ್ಟದಲ್ಲಿ ನಾವೂ ಬಳಸ್ತೀವಿ, ಅದು ಬೇರೆ ಮಾತು. ಕರು ಸತ್ತಿದ್ರೆ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದಕ್ಕೆ ಗುರುತಿರೋ ಒಬ್ರೇ ಕರೀಲಿ, ಹಸು ಮುಂದೆ ತಿನ್ನೋಕೆ ಒಂದಿಷ್ಟು ಹಿಂಡಿ ಇಡಿ, ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು ಒಂದೆರಡು ನಿಮಿಷ ನಿಧಾನಕ್ಕೆ ನೀವಿ. ಮೊಲೆ ಬಿಗಿಯಾದ್ಮೇಲೆ ತಡ ಮಾಡ್ದೆ ಕರೆದು ಮುಗಿಸಿ, ಆಕ್ಸಿಟೋಸಿನ್ ಪ್ರಭಾವ ಕೆಲವೇ ನಿಮಿಷ ಇರೋದು. ಮೊದಲ ದಿನಗಳಲ್ಲಿ ಹಾಲು ಕಮ್ಮಿ ಬರಬಹುದು, ಅದಕ್ಕೆ ಹೆದರಿ ಸೂಜಿ ತರಬೇಡಿ.