ಪದ ಪರಿಚಯ: ಪಾಯಿಂಟ್ ಶೂ

ಬ್ಯಾಲೆ ಕಲಿಯುವ ಹುಡುಗಿಯರ ಪೈಪೋಟಿಯನ್ನು ಹೇಳುವ ಹದಿಹರೆಯದವರ ಕಾದಂಬರಿಗಳಲ್ಲಿ ಪಾಯಿಂಟ್ ಶೂ ಬೇಗನೇ ಎದುರಾಗುತ್ತದೆ. ಒಬ್ಬಳಿಗೆ ಅದು ಸಿಕ್ಕಿರುತ್ತದೆ, ಜೊತೆಯವಳಿಗೆ ಸಿಕ್ಕಿರುವುದಿಲ್ಲ; ಮುಂದಿನ ಮುನಿಸೆಲ್ಲ ಅಲ್ಲಿಂದ ಶುರು. ಶಿರಸಿಯಲ್ಲೋ ಕಾರವಾರದಲ್ಲೋ ಕೂತು ಓದುವವರಿಗೆ ಭರತನಾಟ್ಯದ ಗೆಜ್ಜೆ ಗೊತ್ತು, ಯಕ್ಷಗಾನದ ಗೆಜ್ಜೆಯೂ ಗೊತ್ತು. ಇದೂ ಅಂಥದ್ದೇ ಒಂದು ಕಾಲಿನ ಸಿಂಗಾರ ಅಂದುಕೊಂಡು ಪುಟ ತಿರುವಿದರೆ ಅರ್ಧ ಕತೆ ಕೈತಪ್ಪುತ್ತದೆ. ಪಾಯಿಂಟ್ ಶೂ ಬೇಗ ಸವೆದು ಸಾಯುವ ಒಂದು ಸಲಕರಣೆ. ಅದನ್ನು ಹಾಕಿಕೊಳ್ಳಲು ಗುರುಗಳ ಅಪ್ಪಣೆ ಬೇಕು. ಜಗಳಕ್ಕೆ ಈ ಎರಡೂ ಕಾರಣ.

ಬೆರಳ ತುದಿಯ ಮೇಲೆ ಇಡೀ ಮೈಭಾರ ಹೊತ್ತು ನಿಲ್ಲುವುದಕ್ಕೆ ಬ್ಯಾಲೆಯಲ್ಲಿ ‘ಆನ್ ಪಾಯಿಂಟ್’ ಎನ್ನುತ್ತಾರೆ. ಹಾಗೆ ನಿಲ್ಲಲೆಂದೇ ತಯಾರಾದ ಗಟ್ಟಿ ಮೂತಿಯ ಜೋಡು ಇದು. ಪುಟ್ಟ ಮಕ್ಕಳು ಮೊದಲ ತರಗತಿಗಳಲ್ಲಿ ಹಾಕುವುದು ಮೆತ್ತನೆಯ ಚರ್ಮದ ಅಥವಾ ಕ್ಯಾನ್ವಾಸಿನ ಸಾಫ್ಟ್ ಶೂ, ಅದು ಬೇರೆ. ಕಾದಂಬರಿಗಳ ಮುಖಪುಟ ಬರೆಯುವವರು ಇವೆರಡನ್ನೂ ಧಾರಾಳವಾಗಿ ಅದಲುಬದಲು ಮಾಡುತ್ತಾರೆ.

ಮೂತಿಯೊಳಗೆ ಮರದ ತುಂಡೋ ಕಬ್ಬಿಣವೋ ಇದೆ ಎಂಬ ನಂಬಿಕೆ ಬಹಳ ಜನರಿಗಿದೆ. ಸಾಂಪ್ರದಾಯಿಕ ಶೂನಲ್ಲಿ ಅಂಥದ್ದೇನೂ ಇಲ್ಲ. ಗೋಣಿಬಟ್ಟೆ, ಹತ್ತಿ ಬಟ್ಟೆ ಮತ್ತು ಕಾಗದವನ್ನು ಹಿಟ್ಟಿನ ಅಂಟಿನಲ್ಲಿ ಪದರ ಪದರವಾಗಿ ಕೂರಿಸಿ, ಅಚ್ಚಿನ ಮೇಲೆ ಬಡಿದು ಆಕಾರ ಕೊಟ್ಟು, ಬಿಸಿಯಲ್ಲಿ ಒಣಗಿಸಿದರೆ ಆಗುವ ಗಟ್ಟಿ ಗೂಡು ಅದು. ಅದರ ಹೆಸರು ಬಾಕ್ಸ್. ಬಾಕ್ಸಿನ ತುದಿಯ ಚಪ್ಪಟೆ ಭಾಗ ಪ್ಲಾಟ್‌ಫಾರ್ಮ್. ನೆಲಕ್ಕೆ ತಾಗುವುದು ಇದಿಷ್ಟೇ. ಬೆರಳುಗಳ ಮೇಲ್ಭಾಗ ಮುಚ್ಚುವುದು ವ್ಯಾಂಪ್, ಎರಡೂ ಮಗ್ಗುಲಿಂದ ಪಾದವನ್ನು ಒತ್ತಿ ಹಿಡಿಯುವುದು ವಿಂಗ್. ಹಿಮ್ಮಡಿಯಿಂದ ಬಾಕ್ಸಿನವರೆಗೆ ಅಂಗಾಲಿನಡಿ ಓಡುವ ಗಟ್ಟಿ ಪಟ್ಟಿಗೆ ಶ್ಯಾಂಕ್ ಎಂದು ಹೆಸರು. ರಟ್ಟು ಅಥವಾ ಚರ್ಮದ ಪದರಗಳಿಂದ ಮಾಡಿದ್ದು. ಇಡೀ ಜೋಡನ್ನು ಒಳಮೈ ಹೊರಗಾಗಿ ಹೊಲಿದು ಆಮೇಲೆ ತಿರುವುತ್ತಾರೆ. ಎಡ ಬಲ ಎಂಬ ಭೇದ ಸಾಮಾನ್ಯವಾಗಿ ಇರುವುದಿಲ್ಲ. ಯಾವುದು ಯಾವ ಕಾಲಿಗೆ ಎಂದು ನರ್ತಕಿಯೇ ಗೊತ್ತುಮಾಡಿಕೊಂಡು ಗುರುತು ಹಾಕಿಕೊಳ್ಳುತ್ತಾಳೆ.

ಭಾರ ಪೂರ್ತಿ ಹೆಬ್ಬೆರಳಿನ ತುದಿಗೆ ಬೀಳುತ್ತದೆ ಎಂಬುದೂ ತಪ್ಪು. ಅಳತೆ ಸರಿಯಿದ್ದರೆ ಬಾಕ್ಸ್ ಪಾದದ ಮುಂಭಾಗವನ್ನು ಸುತ್ತಲಿಂದ ಬಿಗಿಹಿಡಿದು ಮೇಲೆತ್ತುತ್ತದೆ, ಶ್ಯಾಂಕ್ ಅಂಗಾಲಿನ ಕಮಾನಿಗೆ ಒತ್ತಾಸೆ ಕೊಡುತ್ತದೆ. ಬಾಕ್ಸ್ ಅಗಲವಾದರೆ ಪಾದ ಕೆಳಗೆ ಜಾರಿ ಭಾರವೆಲ್ಲ ಹೆಬ್ಬೆರಳಿನ ಉಗುರಿಗೆ ಬೀಳುತ್ತದೆ, ಉಗುರು ಕಪ್ಪಾಗುತ್ತದೆ. ಇಕ್ಕಟ್ಟಾದರೆ ಬೆರಳು ಒಂದರ ಮೇಲೊಂದು ಏರಿ ಜೋಮು ಹಿಡಿಯುತ್ತದೆ. ಶ್ಯಾಂಕ್ ಅತಿ ಮೆದುವಾಗಿದ್ದರೆ ಕಾಲು ಪ್ಲಾಟ್‌ಫಾರ್ಮ್ ದಾಟಿ ಮುಂದಕ್ಕೆ ವಾಲುತ್ತದೆ; ಅತಿ ಗಟ್ಟಿಯಾಗಿದ್ದರೆ ಪ್ಲಾಟ್‌ಫಾರ್ಮ್ ಮೇಲೆ ಪೂರ್ತಿ ಏರಲಿಕ್ಕೇ ಆಗದೆ ಹಿಂದೆ ಉಳಿಯುತ್ತದೆ. ಅಳತೆ ನೋಡುವಾಗ ಮೊದಲು ಚಪ್ಪಟೆ ನಿಂತು ಮಂಡಿ ಬಗ್ಗಿಸಬೇಕು. ಆಗ ಬೆರಳು ತುದಿಗೆ ಮುಟ್ಟಬೇಕು, ಮಡಚಿಕೊಳ್ಳಬಾರದು. ಆಮೇಲೆ ಒಂದು ಕಾಲಿನ ತುದಿಯನ್ನು ನೆಲಕ್ಕೂರಿ, ಹಿಮ್ಮಡಿಯ ಹಿಂದಿನ ಬಟ್ಟೆ ಚಿವುಟಿ ನೋಡಬೇಕು. ಅರ್ಧ ಸೆಂಟಿಮೀಟರಿನಷ್ಟು ಬಟ್ಟೆ ಸಿಕ್ಕರೆ ಸರಿ. ಚೀಲದ ಹಾಗೆ ಜೋಲಿದರೆ ಶೂ ಉದ್ದವಾಯಿತು. ‘ಬೆಳೆಯುವ ಕಾಲು, ಒಂದು ನಂಬರ್ ದೊಡ್ಡದೇ ಇರಲಿ’ ಎಂದು ಶಾಲೆಯ ಬೂಟು ತೆಗೆದ ಹಾಗೆ ಇದನ್ನು ತೆಗೆಯಬಾರದು.

ಅಪ್ಪಣೆಯ ವಿಷಯ. ಸಾಮಾನ್ಯವಾಗಿ 11–12 ವರ್ಷಕ್ಕಿಂತ ಮೊದಲು ಇದನ್ನು ಕೊಡುವುದಿಲ್ಲ, ಆದರೆ ಹುಟ್ಟುಹಬ್ಬ ನೋಡಿ ಕೊಡುವುದೂ ಅಲ್ಲ. ಕೆಲವು ವರ್ಷ ಬಿಡದೆ ಕಲಿತಿರಬೇಕು, ಅಭ್ಯಾಸದಲ್ಲಿ ಆಸರೆಗೆ ಹಿಡಿಯುವ ಕಂಬಿ, ಅಂದರೆ ಬಾರ್, ಹಿಡಿಯದೆ ಒಂಟಿ ಕಾಲಿನ ಮೇಲೆ ಹಿಮ್ಮಡಿ ಎತ್ತಿ ಇಳಿಸುವಾಗ ಕಾಲಿನ ಗಂಟು ಅಲುಗಬಾರದು, ಸೊಂಟ ಒಂದು ಕಡೆ ಕುಸಿಯಬಾರದು. ಪೆನ್ಸಿಲ್ ಇಟ್ಟು ನೋಡುವ ಪರೀಕ್ಷೆಯೂ ಇದೆ: ಕಾಲು ಚಾಚಿ ಪಾದ ಮುಂದಕ್ಕೆ ನೀಡಿದಾಗ ಗಂಟಿನ ಮುಂಭಾಗದಲ್ಲಿ ಇಟ್ಟ ಪೆನ್ಸಿಲ್ ಮೊಣಕಾಲಿನ ಕೆಳಗಿನ ಎಲುಬಿಗೂ ಪಾದದ ಮೇಲ್ಭಾಗಕ್ಕೂ ಒಂದೇ ಸಮ ಕೂತರೆ ಪಾದ ಸಾಕಷ್ಟು ಚಾಚುತ್ತದೆ ಎಂದರ್ಥ. ಒಂದೇ ವಯಸ್ಸಿನ, ಒಂದೇ ದಿನ ಸೇರಿದ ಇಬ್ಬರಲ್ಲಿ ಒಬ್ಬಳು ಈ ಪರೀಕ್ಷೆ ದಾಟುತ್ತಾಳೆ, ಇನ್ನೊಬ್ಬಳು ಎಲುಬಿನ ರಚನೆಯ ಕಾರಣಕ್ಕೇ ಹಿಂದುಳಿಯಬಹುದು. ಕಾದಂಬರಿಯ ಹೊಟ್ಟೆಕಿಚ್ಚಿಗೆ ಇದಕ್ಕಿಂತ ಗಟ್ಟಿ ನೆಲ ಇಲ್ಲ. ಮೈಗಳ್ಳತನವಾದರೆ ತಿದ್ದಿಕೊಳ್ಳಬಹುದು, ಎಲುಬನ್ನು ತಿದ್ದುವುದು ಹೇಗೆ? ಕದ್ದು ಹಾಕಿಕೊಂಡು ಅಭ್ಯಾಸ ಮಾಡುವ ಹುಡುಗಿ ಕತೆಯಲ್ಲಿ ಬಂದರೆ ಅವಳ ಕಾಲು ಉಳುಕುವುದು ಹೆಚ್ಚಾಗಿ ಹೊರಮಗ್ಗುಲಿಗೆ, ಕಿರುಬೆರಳಿನ ಕಡೆಗೆ ವಾಲಿ. ಬಲವಿಲ್ಲದ ಗಂಟು ಸುಲಭವಾಗಿ ಸೋಲುವ ದಿಕ್ಕು ಅದು.

ಅಂಗಡಿಯಿಂದ ಬಂದ ಶೂವನ್ನು ನೇರವಾಗಿ ಹಾಕಿ ಕುಣಿಯಲಾಗುವುದಿಲ್ಲ. ರಿಬ್ಬನ್ನನ್ನು ಸಾಮಾನ್ಯವಾಗಿ ಹಾಕಿಕೊಳ್ಳುವವಳೇ ಹೊಲಿದುಕೊಳ್ಳಬೇಕು. ಹಾಸ್ಟೆಲ್ ಕೋಣೆಯಲ್ಲಿ ಸೂಜಿ ಹಿಡಿದು ಕೂತ ದೃಶ್ಯಗಳು ಈ ಕತೆಗಳಲ್ಲಿ ಬರುವುದು ಅದಕ್ಕೇ. ಒಂದು ಜೊತೆ ಶೂಗೆ ನಾಲ್ಕು ತುಂಡು, ಒಂದೊಂದು ಸುಮಾರು 50 ಸೆಂ.ಮೀ. ಉದ್ದ, ಎರಡರಿಂದ ಎರಡೂವರೆ ಸೆಂ.ಮೀ. ಅಗಲ. ಹಿಮ್ಮಡಿಯ ಬಟ್ಟೆಯನ್ನು ಒಳಕ್ಕೆ ಮಡಚಿದಾಗ ಮಡಿಕೆ ಎಲ್ಲಿ ಬರುತ್ತದೋ ಅಲ್ಲಿ ಹೊಲಿಗೆ. ಅಂಚಿನೊಳಗೆ ಬಿಗಿಯುವ ದಾರ ಓಡುತ್ತದೆ, ಸೂಜಿ ಅದನ್ನು ಚುಚ್ಚಿದರೆ ಮತ್ತೆ ಬಿಗಿಯಲು ಬರುವುದಿಲ್ಲ. ಸಾದಾ ದಾರ ಕಡಿಯುತ್ತದೆ ಎಂದು ಹಲವರು ಹಲ್ಲು ಶುಚಿಮಾಡುವ ಮೇಣದ ದಾರವನ್ನೇ ಬಳಸುತ್ತಾರೆ. ರಿಬ್ಬನ್ನಿನ ಗಂಟು ಬರಬೇಕಾದ್ದು ಕಾಲಿನ ಒಳಮಗ್ಗುಲಲ್ಲಿ, ಮೂಳೆಗೂ ಹಿಮ್ಮಡಿಯ ದಪ್ಪ ನರಕ್ಕೂ ನಡುವಿನ ಗುಳಿಯಲ್ಲಿ. ನರದ ಮೇಲೆಯೇ ಕಟ್ಟಿದರೆ ಕೆಲವೇ ದಿನದಲ್ಲಿ ಅಲ್ಲಿ ನೋವು ಕೂರುತ್ತದೆ. ಆಮೇಲೆ ಪಳಗಿಸುವ ಕೆಲಸ: ಅರೆತುದಿಯಲ್ಲಿ, ಅಂದರೆ ಹಿಮ್ಮಡಿ ಎತ್ತಿ ಬೆರಳ ಬುಡದ ಮೇಲೆ, ನಡೆದು ಬಾಕ್ಸಿನ ಬುಡವನ್ನು ಸಡಿಲಿಸುವುದು, ಶ್ಯಾಂಕನ್ನು ಅಂಗಾಲಿನ ಕಮಾನು ಇರುವಲ್ಲಿ ಮಾತ್ರ ಬಗ್ಗಿಸುವುದು, ಹೆಜ್ಜೆ ಸದ್ದು ಕಡಿಮೆಯಾಗಲೆಂದು ಮೂತಿಯನ್ನು ನೆಲಕ್ಕೆ ಬಡಿಯುವುದು, ಪ್ಲಾಟ್‌ಫಾರ್ಮಿನ ಅಂಚಿಗೆ ದಪ್ಪ ದಾರದಿಂದ ರಫು ಹಾಕುವುದು. ಶ್ಯಾಂಕನ್ನು ನಟ್ಟನಡುವೆ ಮುರಿದವಳ ಶೂ ಮೊದಲ ದಿನವೇ ಅರ್ಧ ಸತ್ತಂತೆ.

ಸಾಯುವುದು ಎಂಬ ಮಾತು ನರ್ತಕಿಯರದೇ. ಬಾಕ್ಸ್ ಮೆತ್ತಗಾಗಿ, ಶ್ಯಾಂಕ್ ಒಡೆದು ಆಧಾರ ಕೊಡದಿದ್ದಾಗ ‘ಶೂ ಸತ್ತಿತು’ ಎನ್ನುತ್ತಾರೆ. ಕಠಿಣ ಪಾತ್ರವಿದ್ದರೆ ವೃತ್ತಿಪರರಿಗೆ ಒಂದು ಪ್ರದರ್ಶನಕ್ಕೇ ಒಂದು ಜೊತೆ ಮುಗಿಯುತ್ತದೆ. ಕಾರಣ ಆ ಹಿಟ್ಟಿನ ಅಂಟು. ಯಕ್ಷಗಾನದ ಟೆಂಟ್ ಮೇಳದ ಪೋಸ್ಟರನ್ನು ಮೈದಾ ಅಂಟಿನಲ್ಲಿ ಗೋಡೆಗೆ ಹಚ್ಚಿದರೆ ಮೊದಲ ಮಳೆಗೆ ಅದು ಹೇಗೆ ಬಿಟ್ಟುಕೊಂಡು ಜೋತುಬೀಳುತ್ತದೋ, ಬೆವರಿಗೆ ಬಾಕ್ಸಿನ ಪದರಗಳೂ ಹಾಗೇ. ಅದಕ್ಕೇ ಕಾರವಾರದಿಂದ ಭಟ್ಕಳದವರೆಗಿನ ಹವೆ ಈ ಶೂಗೆ ಹಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ ನೆನೆದದ್ದು ರಾತ್ರಿ ಕಳೆದರೂ ಒಣಗುವುದಿಲ್ಲ. ಬೆರಳಿಗೆ ಮೆತ್ತೆಯಾಗಿ ಒಳಗಿಟ್ಟ ಬೆರಳಹತ್ತಿ ತೆಗೆದು, ಜಾಲರಿ ಚೀಲದಲ್ಲಿ ಫ್ಯಾನಿನಡಿ ತೂಗುಹಾಕಿ, ಎರಡು ಜೊತೆಯನ್ನು ಸರದಿಯಲ್ಲಿ ಬಳಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಡಿಕೆ ಮನೆಯ ರೂಢಿಯಂತೆ ಒಲೆಯ ಮೇಲಿನ ಅಟ್ಟಕ್ಕೇರಿಸುವುದೂ ಬೇಡ: ಸ್ಯಾಟಿನ್ ಕಂದುತ್ತದೆ, ಅಂಟು ಅತಿಯಾಗಿ ಒಣಗಿ ಪುಡಿಯಾಗುತ್ತದೆ. ಮೆತ್ತಗಾದ ಬಾಕ್ಸಿಗೆ ಅರಗಿನ ಶೆಲಾಕನ್ನೋ ಸೂಪರ್ ಗ್ಲೂವನ್ನೋ ಒಳಗಿಂದ ಹಚ್ಚಿ ಸ್ವಲ್ಪ ದಿನ ಎಳೆಯುವುದುಂಟು. ಸೂಪರ್ ಗ್ಲೂ ಹತ್ತಿಬಟ್ಟೆಗೆ ತಾಗಿದರೆ ಬಿಸಿಯೇಳುತ್ತದೆ, ಶೂ ಕಾಲಲ್ಲಿರುವಾಗ ಹಚ್ಚಲೇಬಾರದು. ಅಂಟಿನ ಗೊಡವೆಯೇ ಬೇಡವೆಂದು ಗೇನರ್ ಮಿಂಡೆನ್ ಕಂಪನಿ 1993ರಿಂದ ಪಾಲಿಮರ್ ಶ್ಯಾಂಕು, ಬಾಕ್ಸುಗಳ ಶೂ ಮಾಡುತ್ತಿದೆ. ತೇವಕ್ಕೆ ಅದು ಅಷ್ಟು ಬೇಗ ಸೋಲುವುದಿಲ್ಲ, ಆದರೆ ಕಲಿಯುವವರಿಗೆ ಅದು ತಕ್ಕದ್ದೇ ಎಂಬುದರಲ್ಲಿ ಗುರುಗಳಲ್ಲೇ ಒಮ್ಮತವಿಲ್ಲ.

ಈ ಕತೆಗಳಲ್ಲಿ ಬರುವ ‘ರೋಸಿನ್’ ಪೆಟ್ಟಿಗೆ ನಮ್ಮವರಿಗೆ ಪರಕೀಯವಲ್ಲ. ಬಣ್ಣದ ವೇಷ ರಂಗಕ್ಕೆ ಬರುವಾಗ ದೊಂದಿಗೆ ಎರಚುವ ರಾಳದ ಜಾತಿಯದೇ ಪುಡಿ, ಪೈನ್ ಮರದ್ದು. ಜಾರದಿರಲೆಂದು ಪ್ಲಾಟ್‌ಫಾರ್ಮಿಗೂ ಹಿಮ್ಮಡಿಗೂ ತುಸು ಒತ್ತಿಕೊಳ್ಳುತ್ತಾರೆ. ಹೆಚ್ಚಾದರೆ ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮೊಣಕಾಲು ಮಾತ್ರ ತಿರುಗುತ್ತದೆ.

ಶೂ ಗಟ್ಟಿಯಾಗುತ್ತ ಬಂದದ್ದೂ ಪೈಪೋಟಿಯ ಜೊತೆಗೇ. 1832ರಲ್ಲಿ ಪ್ಯಾರಿಸ್ಸಿನಲ್ಲಿ ‘ಲಾ ಸಿಲ್ಫಿಡ್’ ಆಡಿದ ಮಾರಿ ತಾಲ್ಯೋನಿಯ ಕಾಲಲ್ಲಿದ್ದದ್ದು ರಫು ಹಾಕಿದ ಮೆತ್ತನೆಯ ಸ್ಯಾಟಿನ್ ಜೋಡು. ತುದಿಯಲ್ಲಿ ನಿಲ್ಲುತ್ತಿದ್ದದ್ದು ಹೆಚ್ಚಾಗಿ ಸ್ವಂತ ಕಾಲಿನ ಬಲದಿಂದ. ಶತಮಾನದ ಕೊನೆಗೆ ಇಟಲಿಯವರು ಹೆಚ್ಚು ಗಟ್ಟಿಯಾದ ಶೂ ತಂದರು. ಅವರಲ್ಲೊಬ್ಬಳಾದ ಪಿಯೆರಿನಾ ಲೆನ್ಯಾನಿ 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂಟಿ ಕಾಲಿನ ಮೇಲೆ 32 ಫುವೆತೆ (ಇನ್ನೊಂದು ಕಾಲನ್ನು ಬೀಸುತ್ತ ತಿರುಗುವ) ಸುತ್ತು ಹಾಕಿದಳು, 1895ರ ‘ಸ್ವಾನ್ ಲೇಕ್’ನಲ್ಲಿ ಮತ್ತೆ ಹಾಕಿದಳು. ಅದನ್ನು ಸಾಧಿಸಲೇಬೇಕೆಂದು ಹಟ ತೊಟ್ಟು, ರಷ್ಯನ್ನರಲ್ಲಿ ಮೊದಲಿಗಳಾಗಿ ಸಾಧಿಸಿದವಳು ಮಾಥಿಲ್ಡಾ ಕ್ಷೆಸಿನ್ಸ್ಕಾಯಾ. ಇಂದಿಗೂ ಕಾದಂಬರಿಗಳಲ್ಲಿ ಹುಡುಗಿಯರು ಸುತ್ತು ಎಣಿಸುವುದು 32ರವರೆಗೇ.

ಇನ್ನು ಶೂ ಕೆಡಿಸುವ ಪ್ರಸಂಗ. ಎದುರಾಳಿಯ ಶೂಗೆ ಗಾಜಿನ ಚೂರು ಹಾಕುವುದು ಓದಲು ರೋಚಕ, ನಂಬಲು ಕಷ್ಟ. ಬೆರಳಹತ್ತಿ ಜೋಡಿಸುವಾಗ ಕೈಗೇ ಸಿಗುತ್ತದೆ. ರಿಬ್ಬನ್ನಿನ ಹೊಲಿಗೆ ಅರೆಬರೆ ಕತ್ತರಿಸಿದ್ದರೆ ಕಟ್ಟಿ ಎಳೆಯುವಾಗಲೇ ಕಿತ್ತುಬರುತ್ತದೆ. ವಿಷಯ ಬಲ್ಲ ಲೇಖಕರು ಇಷ್ಟು ದೂರ ಹೋಗುವುದೇ ಇಲ್ಲ. ಪಳಗಿಸಿಟ್ಟ ಜೊತೆ ಪ್ರದರ್ಶನದ ದಿನ ಕಾಣೆಯಾದರೆ ಸಾಕು. ಹೊಚ್ಚ ಹೊಸ ಜೊತೆಯಲ್ಲಿ ರಂಗಕ್ಕೆ ಹೋದವಳ ಹೆಜ್ಜೆ ಟಕಟಕ ಸದ್ದು ಮಾಡುತ್ತದೆ, ಪ್ಲಾಟ್‌ಫಾರ್ಮ್ ಜಾರುತ್ತದೆ, ಶ್ಯಾಂಕ್ ಮಣಿಯುವುದಿಲ್ಲ. ಬೇರೆಯವಳದ್ದನ್ನು ಎರವಲು ಪಡೆದೂ ಪ್ರಯೋಜನವಿಲ್ಲ, ಅದು ಆಗಲೇ ಇನ್ನೊಂದು ಪಾದಕ್ಕೆ ಒಗ್ಗಿರುತ್ತದೆ.