ಹೆಸರಿಗೆ ದಿಕ್ಕು, ಹೊರೆಗೆ ಹಿಂದಿನ ಅಂಗ: ರಕ್ತಪರಿಚಲನೆಯ ಟಿಪ್ಪಣಿ

ಕೇರಳ ಪಿಎಸ್‌ಸಿಯ ಎಲ್‌ಪಿ (ಕಿರಿಯ ಪ್ರಾಥಮಿಕ) ಕನ್ನಡ ಮಾಧ್ಯಮ ಶಿಕ್ಷಕರ ಪರೀಕ್ಷೆಗೆ ಓದುವವರಿಗೂ, ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಶಾಲೆಗಳಲ್ಲಿ ಪಾಠ ಮಾಡಿ ಅಭ್ಯಾಸ ಮಾಡುತ್ತಿರುವವರಿಗೂ ಈ ಟಿಪ್ಪಣಿ. ಮಾನವ ದೇಹದ ಅಧ್ಯಾಯದಲ್ಲಿ ಮೂಳೆ, ಸ್ನಾಯು, ಹಲ್ಲು ಇವೆಲ್ಲ ಒಮ್ಮೆ ಓದಿದರೆ ತಲೆಯಲ್ಲಿ ನಿಲ್ಲುತ್ತವೆ: ವಯಸ್ಕರಲ್ಲಿ 206 ಮೂಳೆ, 32 ಹಲ್ಲು, ಮುಗಿಯಿತು. ರಕ್ತಪರಿಚಲನೆ ಹಾಗಲ್ಲ. ಓದುವಾಗ ಎಲ್ಲ ಅರ್ಥವಾದ ಹಾಗಿರುತ್ತದೆ, ಪ್ರಶ್ನೆ ಎದುರಿಗೆ ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ.

ಎಡ ಬಲದ ತಕರಾರು

ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗೈ ಕಡೆ ಇರುತ್ತದೆ. ಚಿತ್ರದಲ್ಲಿರುವವನು ನಮಗೆ ಮುಖ ಮಾಡಿ ನಿಂತಿದ್ದಾನೆ ಎಂದು ಎಷ್ಟು ಹೇಳಿದರೂ ಮಕ್ಕಳಿಗೆ ಹಿಡಿಸುವುದಿಲ್ಲ. ಪುಸ್ತಕವನ್ನು ಎದೆಗೆ ಒತ್ತಿ, ಚಿತ್ರ ಹೊರಗೆ ಕಾಣುವಂತೆ ಹಿಡಿಯಲು ಹೇಳಿ. ಚಿತ್ರದ ಬಲ ಈಗ ಅವರದೇ ಬಲಗೈ ಕಡೆ ಬಂದಿರುತ್ತದೆ. ಇಷ್ಟು ಸಾಕು.

ದಾರಿ

ದೇಹದಿಂದ ಮರಳುವ ರಕ್ತ ಮೇಲಿನ ಮತ್ತು ಕೆಳಗಿನ ಮಹಾಭಿಧಮನಿಗಳಿಂದ ಬಲ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆಗೆ) ಬರುತ್ತದೆ. ತ್ರಿದಳ ಕವಾಟ (ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲು) ದಾಟಿ ಬಲ ಹೃತ್ಕುಕ್ಷಿಗೆ (ಕೆಳಗಿನ ಕೋಣೆಗೆ), ಅಲ್ಲಿಂದ ಶ್ವಾಸಕೋಶ ಅಪಧಮನಿಯ ಮೂಲಕ ಶ್ವಾಸಕೋಶಗಳಿಗೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು, ಆಮ್ಲಜನಕ ತುಂಬಿಕೊಂಡು, ನಾಲ್ಕು ಶ್ವಾಸಕೋಶ ಅಭಿಧಮನಿಗಳಲ್ಲಿ ಎಡ ಹೃತ್ಕರ್ಣಕ್ಕೆ. ದ್ವಿದಳ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ, ಪುನಃ ದೇಹ. ಒಂದು ಸುತ್ತು ಮುಗಿಸುವಷ್ಟರಲ್ಲಿ ರಕ್ತ ಹೃದಯವನ್ನು ಎರಡು ಸಲ ಹಾದಿರುತ್ತದೆ. ಇದೇ ಇಮ್ಮಡಿ ಪರಿಚಲನೆ.

ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಎಂದು ಓದಿದ ಕೂಡಲೇ ‘ಹಾಗಾದರೆ ಎಡಗಡೆ ಹೆಚ್ಚು ರಕ್ತ ತಳ್ಳುತ್ತದೆ’ ಎಂದು ತೋರುತ್ತದೆ. ಇಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಎರಡೂ ಕಡೆ ಒಂದು ಬಡಿತಕ್ಕೆ ಸುಮಾರು 70 ಮಿಲಿ ಲೀಟರ್. ಬಲಗಡೆಯಿಂದ ಹೋದದ್ದೇ ಎಡಗಡೆಗೆ ಬರಬೇಕಲ್ಲ, ಅಳತೆ ಬೇರೆಯಾದರೆ ರಕ್ತ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ಒತ್ತಡದಲ್ಲಿ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ನೆತ್ತಿಯಿಂದ ಪಾದದವರೆಗೆ ತಲುಪಿಸಬೇಕು. ನಿಮಿಷಕ್ಕೆ 72 ಬಡಿತ ಎಂದು ಹಿಡಿದು 70ರಿಂದ ಗುಣಿಸಿ ನೋಡಿ: 5040 ಮಿಲಿ ಲೀಟರ್. ನಮ್ಮ ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ 5 ಲೀಟರೇ.

ಇಂಥದೇ ಗುಣಾಕಾರದಿಂದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ವಾದ ಕಟ್ಟಿದ. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ದೇಹದಲ್ಲಿರುವ ಎಲ್ಲ ರಕ್ತಕ್ಕಿಂತ ಹೆಚ್ಚಾಗುತ್ತದೆ. ಅಷ್ಟು ರಕ್ತ ಹೊಸದಾಗಿ ತಯಾರಾಗುವುದು ಸಾಧ್ಯವಿಲ್ಲ, ಹಾಗಾಗಿ ಇದ್ದದ್ದೇ ಸುತ್ತುತ್ತಿರಬೇಕು. 1628ರಲ್ಲಿ ಇದನ್ನು ಪ್ರಕಟಿಸಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಜಾಗ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮನಾಳಗಳನ್ನು (ಕೂದಲೆಳೆಗಿಂತ ಸಣ್ಣ ರಕ್ತನಾಳಗಳನ್ನು) ತೋರಿಸುವಷ್ಟರಲ್ಲಿ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇಸವಿಗಳನ್ನು ಬೇರೆ ಬೇರೆ ಉರುಹಚ್ಚುವುದಕ್ಕಿಂತ ಈ ಕಥೆಯೊಂದಿಗೆ ಇಟ್ಟುಕೊಳ್ಳುವುದು ಸುಲಭ.

ಎಲ್ಲರನ್ನೂ ಬೀಳಿಸುವ ಮೆಟ್ಟಿಲು

‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ.’ ಸಣ್ಣ ಕ್ಲಾಸಿನಿಂದ ಬಾಯಿಪಾಠವಾದ ಈ ವಾಕ್ಯ ಶ್ವಾಸಕೋಶದ ಬಾಗಿಲಲ್ಲಿ ಮುಗ್ಗರಿಸುತ್ತದೆ. ಶ್ವಾಸಕೋಶ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತ, ಶ್ವಾಸಕೋಶ ಅಭಿಧಮನಿಯಲ್ಲಿ ಆಮ್ಲಜನಕ ತುಂಬಿದ ರಕ್ತ. ಗೈಡುಗಳು ಇದನ್ನು ‘ಅಪವಾದ’ ಎಂದು ಚೌಕದೊಳಗೆ ಹಾಕಿ ಕೈತೊಳೆದುಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಅಪವಾದ ಎಂಬುದೇ ಇಲ್ಲಿಲ್ಲ, ಮೊದಲ ವಾಕ್ಯವೇ ಸರಿಯಿಲ್ಲ.

ನಾಳದ ಹೆಸರು ರಕ್ತದ ಗುಣ ನೋಡಿ ಇಟ್ಟದ್ದಲ್ಲ, ದಿಕ್ಕು ನೋಡಿ ಇಟ್ಟದ್ದು. ಹೃದಯದಿಂದ ಹೊರಟರೆ ಅಪಧಮನಿ, ಹೃದಯದ ಕಡೆಗೆ ಬಂದರೆ ಅಭಿಧಮನಿ. ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಹೋಗುವ ಬಸ್ಸಿನಲ್ಲಿ ಜನ ತುಂಬಿರಲಿ, ಖಾಲಿ ಇರಲಿ, ಬೋರ್ಡು ‘ಮುಳ್ಳೇರಿಯ’ ಎಂದೇ.

ಹಾಗಾದರೆ ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಬೇರೆಯೇ ಪ್ರಶ್ನೆ ಕೇಳಬೇಕು: ಈ ರಕ್ತ ಈಗಷ್ಟೇ ಯಾವ ಅಂಗವನ್ನು ಬಿಟ್ಟು ಬಂತು? ಹೆಸರಿಗೆ ಒಂದು ಪ್ರಶ್ನೆ, ಒಳಗಿನ ಹೊರೆಗೆ ಇನ್ನೊಂದು. ಎರಡನ್ನೂ ಬೆರೆಸಬಾರದು. ಪಿಎಸ್‌ಸಿಯಲ್ಲಿ ಕೇಳುವ ಬಗೆಯ ಪ್ರಶ್ನೆಗಳ ಮೇಲೆ ಇದನ್ನು ಹಚ್ಚಿ ನೋಡೋಣ.

ಆಮ್ಲಜನಕ ಅತಿ ಹೆಚ್ಚು ಇರುವ ಅಭಿಧಮನಿ ಯಾವುದು? ಈಗಷ್ಟೇ ಶ್ವಾಸಕೋಶ ಬಿಟ್ಟದ್ದು, ಅಂದರೆ ಶ್ವಾಸಕೋಶ ಅಭಿಧಮನಿ. ಯೂರಿಯಾ ಎಂಬ ತ್ಯಾಜ್ಯ ಅತಿ ಕಡಿಮೆ ಇರುವುದು? ಯೂರಿಯಾ ಸೋಸುವುದು ಮೂತ್ರಪಿಂಡ, ಆದ್ದರಿಂದ ಅದನ್ನು ಬಿಟ್ಟು ಬರುವ ಅಭಿಧಮನಿ. ಊಟವಾದ ಮೇಲೆ ಗ್ಲೂಕೋಸ್ ಅತಿ ಹೆಚ್ಚು ಎಲ್ಲಿ? ಸಣ್ಣ ಕರುಳನ್ನು ಬಿಟ್ಟು ಹೊರಟ ನಾಳದಲ್ಲಿ. ಅದೇ ಪೋರ್ಟಲ್ ಅಭಿಧಮನಿ.

ಪೋರ್ಟಲ್ ಅಭಿಧಮನಿಯ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅದು ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಕರುಳಿನ ಲೋಮನಾಳಗಳಲ್ಲಿ ಹುಟ್ಟಿ, ಯಕೃತ್ತಿನೊಳಗೆ ಪುನಃ ಸಣ್ಣ ಸಣ್ಣ ನಾಳಗಳಾಗಿ ಒಡೆಯುತ್ತದೆ. ಕರುಳು ಹೀರಿದ ಸಕ್ಕರೆ ಮೊದಲು ಯಕೃತ್ತಿನ ಕೈಗೆ ಸಿಗಲಿ ಎಂದೇ ಈ ಏರ್ಪಾಡು: ಹೆಚ್ಚಾದದ್ದನ್ನು ಅದು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ. ಹೃದಯದ ಕಡೆಗಿನ ಪಯಣದ ಮಧ್ಯೆ ಒಂದು ತಂಗುದಾಣ ಬಂತು ಅಷ್ಟೇ, ದಿಕ್ಕು ಬದಲಾಗಿಲ್ಲ. ಹೆಸರೂ ಬದಲಾಗಿಲ್ಲ.

ನೀಲಿ ಬಣ್ಣ

ಚಿತ್ರದಲ್ಲಿ ನೀಲಿ ಬಳಿದಿರುವುದರಿಂದ ಮಕ್ಕಳು ನೀಲಿ ರಕ್ತ ಉಂಟು ಎಂದೇ ನಂಬುತ್ತಾರೆ. ಮರಳುವ ರಕ್ತ ಕಡುಗೆಂಪು, ನೀಲಿಯಲ್ಲ. ಚರ್ಮದ ಮೂಲಕ ಬೆಳಕು ಹಾದು ಬರುವ ರೀತಿಯಿಂದ ಕೈಯ ನರ ಎಂದು ನಾವು ಹೇಳುವ ಅಭಿಧಮನಿ ನೀಲಿಯಾಗಿ ಕಾಣುತ್ತದೆ. ಇನ್ನೊಂದು ಮಾತು: ಸುಮ್ಮನೆ ಕುಳಿತಾಗ ಮರಳುವ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಸುಮಾರು ಮುಕ್ಕಾಲು ಪಾಲು ಉಳಿದೇ ಇರುತ್ತದೆ. ತರಗತಿಯಲ್ಲಿ ಒಂದು ಕೈ ಮೇಲೆತ್ತಿಸಿ, ಇನ್ನೊಂದು ಕೆಳಗೆ ಬಿಡಿಸಿ, ಸ್ವಲ್ಪ ಹೊತ್ತಾದ ಮೇಲೆ ಎರಡೂ ಅಂಗೈಗಳ ಹಿಂಬದಿ ನೋಡಲು ಹೇಳಿ. ಕೆಳಗಿನ ಕೈಯಲ್ಲಿ ಅಭಿಧಮನಿಗಳು ಉಬ್ಬಿರುತ್ತವೆ, ಮೇಲಿನದರಲ್ಲಿ ಇಂಗಿರುತ್ತವೆ. ಒತ್ತಡ ಕಡಿಮೆ ಇರುವ ನಾಳಕ್ಕೆ ಒಳಗೆ ಕವಾಟ ಯಾಕೆ ಬೇಕು ಎಂಬುದು ಆಗ ಹೇಳದೆಯೇ ಗೊತ್ತಾಗುತ್ತದೆ.

ಉಳಿದವು, ಚುಟುಕಾಗಿ

ಮೂತ್ರಪಿಂಡ: ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್ (ರಕ್ತ ಸೋಸುವ ಸೂಕ್ಷ್ಮ ಘಟಕ). ದಿನಕ್ಕೆ ಸೋಸುವುದು ಸುಮಾರು 180 ಲೀಟರ್, ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದು ರಕ್ತಕ್ಕೇ ವಾಪಸು.

ನರವ್ಯೂಹ: ಮಿದುಳಿನಲ್ಲಿ ‘ಹೊರಡು’ ಎನ್ನುವ ಸಂದೇಶದಷ್ಟೇ ‘ನಿಲ್ಲು’ ಎನ್ನುವುದೂ ಮುಖ್ಯ. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಉಂಟು ಎಂಬುದು ಬೇಸರದ ವಿಷಯ. ಎಣ್ಮಕಜೆಯಂಥ ಊರುಗಳ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ, ‘ನಿಲ್ಲು’ ಎನ್ನುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಿ ಮಾಡುವ ವಿಷ. ತಡೆ ತಪ್ಪಿದ ನರಕೋಶಗಳು ಎಡೆಬಿಡದೆ ಸಂದೇಶ ಕಳಿಸಿದರೆ ಸೆಳವು ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಸಿಲೆಬಸ್ಸಿನಲ್ಲಿ ಇರಲಿ ಬಿಡಲಿ, ಇಲ್ಲಿ ಪಾಠ ಮಾಡುವವರಿಗೆ ಇದು ಗೊತ್ತಿರಬೇಕು.

ಮಕ್ಕಳು ಕೇಳುವ ಎರಡು ಪ್ರಶ್ನೆ

‘ಒಳಗೆ ಅಷ್ಟು ರಕ್ತ ಇರುವಾಗ ಹೃದಯಕ್ಕೇ ಬೇರೆ ನಾಳ ಯಾಕೆ ಟೀಚರ್?’ ಗೋಡೆ ದಪ್ಪ, ಒಳಗಿನ ರಕ್ತದಿಂದ ಆಮ್ಲಜನಕ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮಹಾಪಧಮನಿಯ ಬುಡದಲ್ಲೇ ಕೊರೊನರಿ ಅಪಧಮನಿಗಳು ಕವಲೊಡೆದು ಹೃದಯದ ಸ್ನಾಯುವಿಗೆ ಹೋಗುತ್ತವೆ.

‘ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲವಲ್ಲ?’ ಇದು ನಮ್ಮ ಎರಡು ಪ್ರಶ್ನೆಗಳಿಗೆ ಒಳ್ಳೆಯ ಪರೀಕ್ಷೆ. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಎರಡು ಅಪಧಮನಿ, ಒಂದು ಅಭಿಧಮನಿ. ದಿಕ್ಕು ಲೆಕ್ಕ ಹಾಕಬೇಕಾದದ್ದು ಮಗುವಿನ ಹೃದಯದಿಂದ, ತಾಯಿಯದರಿಂದಲ್ಲ. ಜರಾಯುವಿನಿಂದ (ಮಾಸಿನಿಂದ) ಮಗುವಿನ ಹೃದಯದ ಕಡೆಗೆ ಬರುವ ನಾಳವೇ ಅಭಿಧಮನಿ. ಬಿಟ್ಟು ಬಂದದ್ದು ಶ್ವಾಸಕೋಶದ ಕೆಲಸ ಮಾಡುವ ಜರಾಯುವನ್ನು, ಹಾಗಾಗಿ ಆಮ್ಲಜನಕ ಹೆಚ್ಚಿರುವುದು ಈ ಅಭಿಧಮನಿಯಲ್ಲೇ.